ಏರಿಯ ಮೇಲಿಂದ ತೆಗೆಯಬೇಕಿದ್ದ ಚಿತ್ರ

ಬಸವೇಶ್ವರನಗರ, ಮೂರನೆಯ ಹಂತ
ಗುರುವಾರ, 11 ಸೆಪ್ಟೆಂಬರ್ 2008

ಚಿ. ಚೇತನಾಳಿಗೆ,

ನಿನ್ನ ಪತ್ರ ಮಂಗಳವಾರ ಕೈಸೇರಿತು. ಕೆಂಗೇರಿ ಉಪನಗರದಿಂದ ಇಲ್ಲಿಗೆ ಬರಲು ಅದಕ್ಕೆ ನಾಲ್ಕು ದಿನ ಹಿಡಿದಿದೆ. ನೀನೇ ಬಸ್ಸು ಹತ್ತಿ ಬರಬಹುದಿತ್ತು ಎಂದು ಆಕ್ಷೇಪಿಸುವುದಿಲ್ಲ, ಏಕೆಂದರೆ ಬರದಿರುವ ಕಾರಣವನ್ನು ನೀನೇ ಬರೆದಿದ್ದೀಯೆ. "ಎದುರಿಗೆ ಆಗ್ಲಿ ಫೋನಲ್ಲಾಗ್ಲಿ ನಿಮ್ಮ ಹತ್ರ ಏನಾದ್ರೂ ಕೇಳಿದ್ರೆ ಅದು ಚರ್ಚಾಸ್ಪರ್ಧೆ ಆಗೋಗತ್ತೆ ಅಪ್ಪಾ. ಈ ಸಲ ವಾದ ಬೇಡ. ಉತ್ತರ ಮಾತ್ರ ಕೊಡಿ." ಈ ಮೂರು ವಾಕ್ಯಗಳನ್ನು ಎರಡು ದಿನದಿಂದ ಓದುತ್ತಿದ್ದೇನೆ.

ನೀನು ಕೇಳಿರುವುದು ಒಂದೇ ಪ್ರಶ್ನೆ. ಅಕ್ಕನ ಬಳಿ ಇದ್ದಂಥ ಎಪ್ಪತ್ತು–ಇನ್ನೂರು ಮಿಲಿಮೀಟರಿನ ಲೆನ್ಸು ಮತ್ತು ಫ್ಲ್ಯಾಶ್ ತೆಗೆದುಕೊಳ್ಳುವುದೋ, ಅಕ್ಕ ಮೊದಲು ಕೇಳುತ್ತಿದ್ದ ನಾನೂರರ ಲೆನ್ಸು ತೆಗೆದುಕೊಳ್ಳುವುದೋ? ನಿನಗೆ ಬೇಕಾಗಿರುವುದು ನಿಮ್ಮ ಕಾಲೇಜಿನ ಹುಡುಗಿಯರ ಕಬಡ್ಡಿಯ ಚಿತ್ರಗಳು, ಭಾನುವಾರಗಳಲ್ಲಿ ಕೆರೆಯ ಹಕ್ಕಿಗಳು, ಮುಂದೆ ಎಂದಾದರೂ ಕಾಡಿನ ಪ್ರಾಣಿಗಳು. ಪತ್ರದ ಕೊನೆಯಲ್ಲಿ, ಜಾಗ ಸಾಲದೆ ಅಂಚಿಗೆ ತಿರುಗಿಸಿ, ಇನ್ನೊಂದು ಮಾತು ಬರೆದಿದ್ದೀಯೆ. ಅಕ್ಕನ ಜೊತೆ ಚಿತ್ರ ತೆಗೆಯಲು ಹೋಗುತ್ತಿದ್ದ ಹನುಮೇಶ ನಿನ್ನನ್ನು ಜೊತೆಗೆ ಕರೆದೊಯ್ದು ಕಲಿಸಲು ಒಪ್ಪಿದ್ದಾನೆ, ಆದರೆ ಅವನ ಹೆಸರೆತ್ತಿದರೆ ಅಮ್ಮ ತಟ್ಟೆ ಬಿಟ್ಟು ಏಳುತ್ತಾಳೆ, "ನಿಮ್ಮಪ್ಪನೇ ಕಂಪ್ಲೇಂಟ್ ಕೊಟ್ಟಿದಾರೆ, ಸುಮ್ನೆ ಕೊಡ್ತಾರಾ?" ಎನ್ನುತ್ತಾಳೆ.

ಮೊದಲು ಉತ್ತರ. ನಾನೂರು ತೆಗೆದುಕೋ. ಫ್ಲ್ಯಾಶ್ ಬೇಡ. ಹನುಮೇಶನ ಜೊತೆ ಹೋಗು.

ಇಲ್ಲಿಗೆ ನಿಲ್ಲಿಸಿದರೆ ನಿನ್ನ ಷರತ್ತನ್ನು ಪಾಲಿಸಿದಂತಾಗುತ್ತದೆ. ಆದರೆ ನನ್ನ ಮಾತನ್ನು ಕಾರಣ ಕೇಳದೆ ನಂಬುವುದು ಈ ಮನೆಯಲ್ಲಿ ಒಮ್ಮೆ ನಡೆದುಹೋಗಿದೆ. ಎರಡನೆಯ ಸಲ ನಡೆಯುವುದು ಬೇಡ.

ಲೆನ್ಸಿನ ಬಗ್ಗೆ ನನಗೇನು ಗೊತ್ತು ಎಂದು ನೀನು ಕೇಳಬಹುದು. ನಿನ್ನ ಅಕ್ಕ ಮಾಲವಿಕಾ ತೀರಿಹೋಗಿ ಎರಡು ವರ್ಷ ಎಂಟು ತಿಂಗಳಾಗುತ್ತ ಬಂತು. ನೀನೂ ಅಮ್ಮನೂ ಕೆಂಗೇರಿಗೆ ಹೋದ ಮೇಲೆ ನಾನು ಪ್ರತಿ ಶನಿವಾರ ರಾಜಾಜಿನಗರದಲ್ಲಿ ಕ್ಯಾಮೆರಾ ರಿಪೇರಿ ಮಾಡುವ ವೆಂಕಟಸ್ವಾಮಿ ಎಂಬುವರ ಅಂಗಡಿಗೆ ಹೋಗಿ ಕೂರುತ್ತೇನೆ. ಮೊದಲ ದಿನ ಅವರು, "ಏನ್ ಸಾರ್, ಮದುವೆ ಫೋಟೋ ಬಿಸಿನೆಸ್ ಶುರು ಮಾಡ್ತೀರಾ ಈ ವಯಸ್ಸಲ್ಲಿ?" ಎಂದು ನಕ್ಕರು. ಈಗ ನಗುವುದಿಲ್ಲ, ಸ್ಟೂಲು ಹಾಕಿಕೊಡುತ್ತಾರೆ. ಅವರು ಲೆನ್ಸು ಬಿಚ್ಚಿ ಗಾಜುಗಳನ್ನು ಬಟ್ಟೆಯ ಮೇಲೆ ಸಾಲಾಗಿಡುವುದನ್ನು ನೋಡಿದ್ದೇನೆ. ಕೇಳಿ ಕೇಳಿ ಬರೆದುಕೊಂಡಿದ್ದೇನೆ. ಆದ್ದರಿಂದ ಮುಂದಿನ ಮಾತುಗಳಿಗೆ ಆಧಾರವಿದೆ.

ಕಬಡ್ಡಿಯನ್ನು ಮೊದಲು ನೋಡೋಣ. ನೀನು ಅಂಕಣದ ಗೆರೆಯ ಪಕ್ಕದಲ್ಲೇ ಕೂರುತ್ತೀಯೆ. ಅಲ್ಲಿ ನಾನೂರು ಕೆಲಸಕ್ಕೆ ಬಾರದು, ಹುಡುಗಿಯ ಮೊಣಕೈ ಮಾತ್ರ ಬಂದೀತು. ಎಂಬತ್ತೈದರ ಚಿಕ್ಕ ಲೆನ್ಸು ಸಾಕು. ಅದು ಕೈಯಗಲವೂ ಇಲ್ಲ, ಆದರೆ ಅದರ ಬಾಯಿ ದೊಡ್ಡದು, ಸಂಜೆಯ ಮಂಕು ದೀಪದಲ್ಲೂ ಬೇಕಾದಷ್ಟು ಬೆಳಕನ್ನು ಒಳಗೆ ಬಿಡುತ್ತದೆ. ಸೆಕೆಂಡಿನ ಐನೂರನೆಯ ಒಂದು ಭಾಗಕ್ಕಿಂತ ನಿಧಾನವಾಗಿ ತೆಗೆದರೆ ರೇಡಿಗೆ ಬಂದವಳ ಕಾಲು ಹೊಗೆಯ ಹಾಗೆ ಕಾಣುತ್ತದೆ. ಬೆಳಕು ಸಾಲದಿದ್ದರೆ ಕ್ಯಾಮೆರಾದ ಸಂವೇದನೆಯನ್ನು ಏರಿಸು, ಚಿತ್ರ ಕಾಳುಕಾಳಾಗಲಿ, ಚಿಂತೆಯಿಲ್ಲ. ಫ್ಲ್ಯಾಶ್ ಹೊಡೆಯಬೇಡ. ಉಸಿರು ಕಟ್ಟಿ ಎದುರಾಳಿಯ ಕೈ ನೋಡುತ್ತಿರುವ ಹುಡುಗಿಯ ಕಣ್ಣಿಗೆ ಆ ಬೆಳಕು ಬಿದ್ದರೆ ಅರೆಕ್ಷಣ ಅವಳಿಗೆ ಏನೂ ಕಾಣುವುದಿಲ್ಲ.

ಹಕ್ಕಿಗೂ ಪ್ರಾಣಿಗೂ ನಾನೂರು. ತೂಕವಿದೆ, ಆದ್ದರಿಂದ ಕೈಯಲ್ಲಿ ಹಿಡಿದು ಶೂರತನ ತೋರಿಸದೆ ಮೂರುಕಾಲಿನ ಸ್ಟ್ಯಾಂಡಿನ ಮೇಲಿಡು. ಕಾರಿನ ಕಿಟಕಿಯಾದರೆ ಅಕ್ಕಿ ತುಂಬಿದ ಬಟ್ಟೆಯ ಚೀಲ ಸಾಕು. ಈ ಲೆನ್ಸಿನ ಬಾಯಿ ಚಿಕ್ಕದು. ಇನ್ನೂರರ ಆ ದುಬಾರಿ ಲೆನ್ಸು ಒಳಗೆ ಬಿಡುವ ಬೆಳಕಿನಲ್ಲಿ ನಾಲ್ಕನೆಯ ಒಂದು ಪಾಲನ್ನು ಮಾತ್ರ ಬಿಡುತ್ತದೆ. ಸೂರ್ಯ ಇಳಿದ ಮೇಲೆ ಅದರಿಂದ ಚಿತ್ರ ಬರುವುದಿಲ್ಲ. ಎಲ್ಲರೂ ಇದನ್ನು ಅದರ ದೋಷ ಎನ್ನುತ್ತಾರೆ. ನಾನು ನಿನಗೆ ಆ ಲೆನ್ಸನ್ನು ಹೇಳುತ್ತಿರುವುದು ಮುಖ್ಯವಾಗಿ ಈ ದೋಷಕ್ಕಾಗಿ. ಬೆಳಕು ಹೋಯಿತು ಎಂದು ಅದು ನಿನ್ನನ್ನು ಮನೆಗೆ ಕಳಿಸುತ್ತದೆ.

ಇನ್ನು ದೂರದ ಮಾತು. ವೆಂಕಟಸ್ವಾಮಿ ಒಂದು ದಿನ ಟೀ ಹೀರುತ್ತ ಹೇಳಿದರು: "ಜನ ಏನೇನೋ ಹೇಳ್ತಾರೆ ಸಾರ್, ಶಾರ್ಪು, ಕಾಂಟ್ರಾಸ್ಟು, ಅದೂ ಇದೂ. ಲೆನ್ಸ್ ಉದ್ದ ಆದಷ್ಟೂ ಮನುಷ್ಯ ಹಿಂದೆ ನಿಂತ್ಕೋಬೋದು. ಅಷ್ಟೇ ವಿಷ್ಯ." ನಾನು ಹೊಸ ಸಂಗತಿ ಕೇಳಿದವನಂತೆ ತಲೆಯಾಡಿಸಿದೆ. ನನಗೆ ಅದು ಹೊಸದಾಗಿರಲಿಲ್ಲ.

2005ರ ನವೆಂಬರ್ 13, ಭಾನುವಾರದ ಬೆಳಿಗ್ಗೆಯನ್ನು ನೆನಪಿಸಿಕೋ. ಸಮಯಪಾಲಕಿಯಾಗಿ ನೀನೂ ಆ ಕೋಣೆಯಲ್ಲಿದ್ದೆ.

ನಮ್ಮ ಮನೆಯ ಪದ್ಧತಿಯನ್ನು ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಮೈಸೂರಿನಲ್ಲಿ ಓದುವಾಗ ಮೂರು ವರ್ಷ ನಮ್ಮ ಕಾಲೇಜಿಗೆ ಚರ್ಚೆಯ ಪರ್ಯಾಯ ಪಾರಿತೋಷಕ ತಂದವನು ನಾನು. ಪರ ಬರಲಿ, ವಿರೋಧ ಬರಲಿ, ಚೀಟಿಯಲ್ಲಿ ಬಂದ ಪಕ್ಷವನ್ನು ಹಿಡಿದು ಗೆಲ್ಲುತ್ತಿದ್ದೆ. ಮಕ್ಕಳಿಗೂ ಆ ಶಿಸ್ತು ಬರಲಿ ಎಂದು, ಮನೆಯಲ್ಲಿ ಯಾರಿಗೆ ಏನು ಬೇಕಾದರೂ ಅದನ್ನು ವಿಷಯವಾಗಿ ಮಂಡಿಸಬೇಕು, ಸ್ಟೀಲ್ ಡಬ್ಬಿಯಿಂದ ಚೀಟಿ ಎತ್ತಬೇಕು, ಬಂದ ಪಕ್ಷವನ್ನೇ ವಾದಿಸಬೇಕು ಎಂದು ನಿಯಮ ಮಾಡಿದೆ. ಇನ್ನೊಂದು ಪಕ್ಷ ನನ್ನದು. ತೀರ್ಪು ಅಮ್ಮನದು. ಗಂಟೆ ನಿನ್ನದು, ನಾಲ್ಕನೆಯ ನಿಮಿಷಕ್ಕೆ ಒಂದು, ಐದಕ್ಕೆ ಎರಡು. ಪೂಜೆಯ ಗಂಟೆಯನ್ನು ಅಮ್ಮ ಕೊಡಲಿಲ್ಲವಾದ್ದರಿಂದ ಕಚೇರಿಯ ಹಳೆಯ ಮೇಜುಗಂಟೆ ತಂದಿದ್ದೆ. ನಾಲ್ಕನೆಯ ತರಗತಿಯಲ್ಲಿ ನೀನು ಸೈಕಲ್ ಕೇಳಿದಾಗ ನಿನಗೆ ಬಂದದ್ದು ವಿರೋಧದ ಚೀಟಿ. "ಸೈಕಲ್ ಬೇಡ, ಯಾಕಂದ್ರೆ ಬಿದ್ರೆ ಗಾಯ ಆಗತ್ತೆ... ಆದ್ರೆ ನಾನು ಬೀಳಲ್ಲ!" ಎಂದು ಅತ್ತುಬಿಟ್ಟೆ. ವಾದದಲ್ಲಿ ಸೋತೆ, ಸೈಕಲ್ ಬಂತು. ಅಮ್ಮ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಂದರೆ ತನ್ನ ಆಸೆಗೆ ವಿರುದ್ಧವಾದ ಚೀಟಿ ಬಂದವರು ಕೆಟ್ಟದಾಗಿ ವಾದಿಸಿದರೆ ಸಾಕು, ಬೇಕಾದದ್ದು ಸಿಗುತ್ತಿತ್ತು. ಆ ಬಾಗಿಲನ್ನು ಮುಚ್ಚಲು ನಾನು ಒಂದು ನಿಯಮ ಸೇರಿಸಿದ್ದೆ: ಬೇಕೆಂದೇ ಸೋಲುವುದು ಸುಳ್ಳು ಹೇಳುವುದಕ್ಕಿಂತ ಕೀಳು. ನೀನು ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಮಾಲವಿಕಾ ಹಚ್ಚಿಕೊಂಡಳು. ಅವಳಿಗೆ ಬೇಕೆಂದೇ ಸೋಲುವುದು ಸಾಧ್ಯವೇ ಇರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ಭಾನುವಾರದ ವಿಷಯ: "ಈ ಮನೆಯ ಅಭಿಪ್ರಾಯದಲ್ಲಿ ಮಾಲವಿಕಾಳಿಗೆ ನಾನೂರರ ಲೆನ್ಸನ್ನು ಕೊಡಿಸತಕ್ಕದ್ದು." ಒಂದು ವರ್ಷದಿಂದ ಅವಳು ಅದನ್ನೇ ಕೇಳುತ್ತಿದ್ದಳು. ಚೀಟಿ ಎತ್ತಿದಳು. ವಿರೋಧ. ಅವಳ ಮುಖ ಸಣ್ಣದಾಯಿತು. ಆಮೇಲೆ ಹೆಗಲು ನೆಟ್ಟಗೆ ಮಾಡಿಕೊಂಡು ಅಮ್ಮನ ಕಡೆ ತಿರುಗಿ, "ಒಲೆ ಮೇಲೆ ಹುಳಿ ಇಟ್ಟು ಬಂದಿರೋ ಅಧ್ಯಕ್ಷರೇ" ಎಂದು ಆರಂಭಿಸಿದಳು. ನೀನು ಕಿಸಕ್ಕೆಂದೆ.

ಎಷ್ಟು ಚೆನ್ನಾಗಿ ಮಾತಾಡಿದಳು! "ನಾನೂರರದು ಹಗಲಿನ ಲೆನ್ಸು. ಪ್ರಾಣಿಗಳೇನು ಆಫೀಸ್ ಟೈಮಲ್ಲಿ ಬರ್ತವಾ? ನಸುಕಲ್ಲಿ ಬರ್ತವೆ, ಮುಸ್ಸಂಜೇಲಿ ಬರ್ತವೆ. ಆ ಬೆಳಕಲ್ಲಿ ಈ ಲೆನ್ಸ್ ಕುರುಡು. ಎಪ್ಪತ್ತು–ಇನ್ನೂರು ನಾಲ್ಕು ಪಟ್ಟು ಬೆಳಕು ತಗೊಳ್ಳತ್ತೆ, ಜೊತೆಗೆ ಒಂದು ಫ್ಲ್ಯಾಶ್ ಇದ್ರೆ ಓಡೋ ಪ್ರಾಣೀನೂ ನಿಲ್ಲಿಸಬಹುದು. ಇನ್ನು ದೂರ ಅಂತೀರಾ? ಕಾಲಿದೆ, ನಡೀಬೇಕು. ದೂರ ಕೂತು ಕದ್ದು ತೆಗೆದಿದ್ದು ಬೇರೆ, ಅದರ ಉಸಿರು ಕೇಳಿಸೋ ಹಾಗೆ ತೆಗೆದಿದ್ದು ಬೇರೆ." ಅವಳು ಹೇಳಿದ್ದರಲ್ಲಿ ತಾಂತ್ರಿಕವಾಗಿ ಒಂದು ತಪ್ಪೂ ಇಲ್ಲ. ವೆಂಕಟಸ್ವಾಮಿಯವರ ಮುಂದೆ ಒಂದೊಂದನ್ನೂ ಇಟ್ಟು ಪರೀಕ್ಷಿಸಿದ್ದೇನೆ.

ನಾನು ಪರವಾಗಿ ಎದ್ದು ನಿಂತೆ. ದೊಡ್ಡ ಲೆನ್ಸು ದೊಡ್ಡದು, ಹೆಸರಾಂತ ಛಾಯಾಗ್ರಾಹಕರು ಬಳಸುತ್ತಾರೆ ಎಂಬಂಥ ನಾಲ್ಕು ಪೊಳ್ಳು ಮಾತುಗಳನ್ನಾಡಿ, ಗಂಟೆಗೆ ಮೊದಲೇ ಕುಳಿತೆ. ಅಮ್ಮ ಆಶ್ಚರ್ಯದಿಂದ, "ಇದೇನ್ರೀ, ಇವತ್ತು ಹೀಗೆ ತಡವರಿಸ್ತಿದೀರಿ? ಜ್ವರಾನಾ?" ಎಂದಳು. ಮದುವೆಯಾದಂದಿನಿಂದ ನನ್ನೆದುರು ಒಂದು ಮಾತೂ ಗೆಲ್ಲದವಳು ಅವಳು. ಮಗಳು ನನ್ನನ್ನು ಸೋಲಿಸಿದ್ದನ್ನು ಕಂಡು ಅವಳಿಗಾದ ಸಂತೋಷ ಹೇಳತೀರದು. "ನನ್ನ ಮಗಳೇ ಗೆದ್ಲು! ಎಪ್ಪತ್ತು–ಇನ್ನೂರೇ ಬರ್ಲಿ!" ಎಂದು ತೀರ್ಪು ಕೊಟ್ಟು ಒಳಗೆ ಹೋಗಿ ಕೇಸರಿಬಾತ್ ಮಾಡಿದಳು. ಮಾಲವಿಕಾ ನಗುತ್ತಲೇ ತಿಂದಳು.

ಈಗ ಹೇಳುತ್ತೇನೆ. ಡಬ್ಬಿಯಲ್ಲಿದ್ದ ಎರಡು ಚೀಟಿಗಳಲ್ಲೂ "ವಿರೋಧ" ಎಂದೇ ಬರೆದಿದ್ದೆ. ಅವಳು ಒಂದನ್ನು ಎತ್ತಿದ ಮೇಲೆ ಇನ್ನೊಂದನ್ನು ಬಿಚ್ಚದೆ ಜೇಬಿಗೆ ಹಾಕಿಕೊಂಡೆ. ಆ ಡಬ್ಬಿಯನ್ನು ನೀವು ಯಾರೂ ಎಂದೂ ಅನುಮಾನಿಸಿರಲಿಲ್ಲ.

ಇನ್ನೂ ಇದೆ. ಎರಡು ಪಕ್ಷದ ಟಿಪ್ಪಣಿಯನ್ನೂ ಮಾಡಿಕೊಳ್ಳುವುದು ನನ್ನ ಹಳೆಯ ಅಭ್ಯಾಸ. ಪರದ ಟಿಪ್ಪಣಿಯಲ್ಲಿ ನನ್ನದೇ ಕೈಬರಹದಲ್ಲಿ ಮೂರನೆಯ ಅಂಶ ಹೀಗಿತ್ತು: ಕಾಡುಪ್ರಾಣಿಯಿಂದ ದೂರದಲ್ಲಿರಬಹುದು, ಅಪಾಯವಿಲ್ಲ. ಈ ಒಂದು ವಾಕ್ಯ ಬಾಯಿಂದ ಬಂದಿದ್ದರೆ ಅಮ್ಮ ಬೇರೆಯದನ್ನು ಕೇಳುತ್ತಲೇ ಇರಲಿಲ್ಲ, ನಾನೂರೇ ಬರಲಿ ಎನ್ನುತ್ತಿದ್ದಳು. ಅದು ಗೊತ್ತಿದ್ದೇ ಅದನ್ನು ಹೇಳಲಿಲ್ಲ. ಬೇಕೆಂದೇ ಸೋತೆ.

ಏಕೆ ಎಂದು ಕೇಳುವ ಹಕ್ಕು ನಿನಗಿದೆ. ಹಣದ ಪ್ರಶ್ನೆಯಾಗಿರಲಿಲ್ಲ. ಮಾಲವಿಕಾ ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದಳು. ನನಗಿಂತ ಚೆನ್ನಾಗಿ ಮಾತಾಡುವ ಮಗಳು ಹೈಕೋರ್ಟಿನಲ್ಲಿ ನಿಂತು ವಾದಿಸುವುದನ್ನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬೇಕೆಂಬುದು ನನ್ನ ಆಸೆ. ಚಿಕ್ಕ ಲೆನ್ಸು ಇದ್ದರೆ ಇದೊಂದು ಹವ್ಯಾಸವಾಗಿ ಉಳಿಯುತ್ತದೆ, ಉದ್ದದ ಲೆನ್ಸು ಬಂದರೆ ಹುಡುಗಿ ಕಾಡಿನ ಪಾಲಾಗುತ್ತಾಳೆ ಎಂದು ಲೆಕ್ಕ ಹಾಕಿದೆ. ಬೇಡ ಎಂದು ನೇರವಾಗಿ ಹೇಳಬಹುದಿತ್ತು. ಹೇಳಿದ್ದರೆ ಅವಳು ಜಗಳವಾಡುತ್ತಿದ್ದಳು, ಸಾಲ ಮಾಡಿಯಾದರೂ ತರುತ್ತಿದ್ದಳು. ತಾನೇ ವಾದಿಸಿ ತಾನೇ ಗೆದ್ದ ತೀರ್ಪನ್ನು ಮಾತ್ರ ಅವಳು ಮೀರಲಾರಳು. ಅದಕ್ಕಾಗಿ ಅವಳ ಬಾಯಿಂದಲೇ ಹೇಳಿಸಿದೆ.

ಹತ್ತು ವಾರ ಕಳೆದ ಮೇಲೆ, ಜನವರಿ 21ರಂದು, ಅವಳು ಹನುಮೇಶನ ಬೈಕಿನಲ್ಲಿ ಮಾಗಡಿ ರಸ್ತೆಯಾಚೆಗಿನ ಆ ಕೆರೆಗೆ ಹೋದಳು. ರಾಗಿ ಕೊಯ್ಲಿನ ಸಮಯದಲ್ಲಿ ಅಲ್ಲಿಗೆ ಆನೆಗಳು ನೀರಿಗೆ ಬರುತ್ತವೆ ಎಂದು ಅರಣ್ಯ ಇಲಾಖೆಯ ಕಾವಲುಗಾರ ಮುನಿರಾಜು ಸುದ್ದಿ ಕಳಿಸಿದ್ದ. ಮುಂದಿನದು ನಿನಗೆ ಗೊತ್ತಿದೆ.

ನಿನಗೆ ಗೊತ್ತಿಲ್ಲದ್ದು, ನಾನು ಆ ಕೆರೆಗೆ ಹೋಗಿದ್ದೆ. ಒಂದಲ್ಲ, ಏಳು ಸಲ. ಮೊದಲ ಸಲ ಮುನಿರಾಜು ನನ್ನನ್ನು ಏರಿಯ ಮೇಲೆ ನಿಲ್ಲಿಸಿ, "ಇಲ್ಲೇ ನಿಂತ್ಕೊಂಡು ತಗೋಳಮ್ಮ, ಕೆಳಗೆ ಇಳೀಬ್ಯಾಡ, ಮರಿ ಅದೆ ಅಂತ ಹೇಳಿದ್ದೆ ಸಾರ್. ಸರಿ ಅಣ್ಣ ಅಂದಿದ್ಲು" ಎಂದ. ಏರಿಯಿಂದ ಆನೆಗಳು ನಿಂತಿದ್ದ ನೀರಂಚಿಗೆ ಇನ್ನೂರ ಅರವತ್ತು ಹೆಜ್ಜೆ. ಅವಳು ಬಿದ್ದ ಜಾಗಕ್ಕೆ ಇನ್ನೂರ ಹತ್ತು. ಮುಂದಿನ ಸಲ ವೆಂಕಟಸ್ವಾಮಿಯವರಿಂದ ಎರಡೂ ಲೆನ್ಸನ್ನು ಎರವಲು ತೆಗೆದುಕೊಂಡು ಹೋದೆ. ನೀರಂಚಿನಲ್ಲಿ ಮುನಿರಾಜುವನ್ನು ನಿಲ್ಲಿಸಿ ಏರಿಯ ಮೇಲಿಂದ ನೋಡಿದೆ. ಇನ್ನೂರರಲ್ಲಿ ಅವನು ಬೆಂಕಿಕಡ್ಡಿ. ನಾನೂರರಲ್ಲಿ ಅವನ ಅಂಗಿಯ ಜೇಬು ಕಂಡಿತು. ಆನೆಗೆ ಅಷ್ಟು ಸಾಕು, ಬೇಕಾದಷ್ಟಾಯಿತು. ಆಮೇಲೆ ಸಂಜೆಯವರೆಗೂ ಅಲ್ಲೇ ಕುಳಿತಿದ್ದೆ. ಐದೂಮುಕ್ಕಾಲರ ಹೊತ್ತಿಗೆ ನಾನೂರರಲ್ಲಿ ತೆಗೆದ ಚಿತ್ರಗಳು ಕದಡಿಹೋದವು. ಆ ಲೆನ್ಸು ಕೈಯಲ್ಲಿದ್ದಿದ್ದರೆ ಅವಳು ಆ ಹೊತ್ತಿಗೆ ಕ್ಯಾಮೆರಾ ಮುಚ್ಚಿ, ಬೈಕು ಹತ್ತಿ, ಊಟದ ಹೊತ್ತಿಗೆ ಮನೆಯಲ್ಲಿರುತ್ತಿದ್ದಳು.

ಪೊಲೀಸರು ಹಿಂತಿರುಗಿಸಿದ ಕ್ಯಾಮೆರಾದ ಕಾರ್ಡನ್ನು ನೀವು ಯಾರೂ ನೋಡಬಾರದೆಂದು ಬೀರುವಿನಲ್ಲಿಟ್ಟಿದ್ದೆ. ಅದರಲ್ಲಿ ಏನೂ ಇರಲಿಲ್ಲ ಎಂದು ಹೇಳಿದ್ದೂ ಸುಳ್ಳು. ಪ್ರತಿ ಚಿತ್ರದ ಜೊತೆಗೂ ಅದನ್ನು ತೆಗೆದ ಸಮಯ, ಲೆನ್ಸಿನ ಅಳತೆ, ಫ್ಲ್ಯಾಶ್ ಹೊಡೆದಿತ್ತೋ ಇಲ್ಲವೋ ಎಂಬುದು ದಾಖಲಾಗುತ್ತದೆಂದು ವೆಂಕಟಸ್ವಾಮಿ ತೋರಿಸಿಕೊಟ್ಟರು. ಕೊನೆಯವು ಐದು ಚಿತ್ರಗಳು. ಆರು ಗಂಟೆ ಎಂಟು ನಿಮಿಷಕ್ಕೆ ಇನ್ನೂರು. ಒಂಬತ್ತಕ್ಕೆ ಇನ್ನೂರು, ಫ್ಲ್ಯಾಶ್. ಅದೇ ನಿಮಿಷದಲ್ಲಿ ಮತ್ತೊಂದು, ಫ್ಲ್ಯಾಶ್. ಇದರಲ್ಲಿ ತಾಯಾನೆ ಮರಿಯನ್ನು ಹಿಂದಕ್ಕೆ ತಳ್ಳಿ ಇತ್ತ ತಿರುಗಿದೆ. ಆಮೇಲೆ ನೂರಮೂವತ್ತೈದು. ಆಮೇಲೆ ಎಪ್ಪತ್ತು. ಅಂದರೆ ಆನೆ ಬರುತ್ತಿದ್ದಂತೆ ಅದು ಚೌಕಟ್ಟಿನೊಳಗೆ ಹಿಡಿಸಲೆಂದು ಅವಳು ಲೆನ್ಸನ್ನು ಹಿಂದಕ್ಕೆ ತಿರುಗಿಸಿದ್ದಾಳೆ. ಎಪ್ಪತ್ತರಲ್ಲೂ ಅದು ಹಿಡಿಸಿಲ್ಲ, ಎರಡೂ ಕಿವಿಗಳು ಹೊರಗಿವೆ. ಲೆಕ್ಕ ಹಾಕಿದರೆ ಹತ್ತು ಮೀಟರೂ ಇಲ್ಲ. ಚಿತ್ರ ಮಾತ್ರ ಸ್ವಲ್ಪವೂ ಅಲುಗಿಲ್ಲ.

ಇಷ್ಟನ್ನು ಬರೆದ ಮೇಲೆ ನಿನ್ನ ಅಮ್ಮನ ವಿಷಯಕ್ಕೆ ಬರಬೇಕು.

ಸತ್ಯವತಿ ಏಕೆ ಮನೆ ಬಿಟ್ಟಳೆಂದು ನೀನು ನನ್ನನ್ನು ಎಂದೂ ಕೇಳಲಿಲ್ಲ. ಮಾಲವಿಕಾ ತೀರಿಕೊಂಡ ವರ್ಷವೇ, ಡಿಸೆಂಬರಿನಲ್ಲಿ, ಒಂದು ಮಧ್ಯಾಹ್ನ ಅವಳು ನನ್ನ ಮುಂದೆ ನಿಂತು, "ನೀವು ಅವತ್ತು ಯಾಕ್ರೀ ಸರಿಯಾಗಿ ವಾದಿಸಲಿಲ್ಲ? ನೀವು ಗೆದ್ದಿದ್ರೆ ನನ್ನ ಮಗು ಇರ್ತಿತ್ತು" ಎಂದಳು. ಸತ್ಯದ ತೀರ ಹತ್ತಿರ ಬಂದು ನಿಂತಿದ್ದಳು. ಅಂದೇ ಒಪ್ಪಿಕೊಳ್ಳಬಹುದಿತ್ತು. ನಾನು, "ತೀರ್ಪು ಕೊಟ್ಟವಳು ನೀನು" ಎಂದೆ. ಮಾರನೆಯ ದಿನ ನಿನ್ನ ಸೋದರಮಾವ ಆಟೋ ತಂದ. ಹೊರಡುವಾಗ ಅವಳು ಹೇಳಿದ್ದು ಇಷ್ಟೇ: "ನಿಮ್ಮ ಹತ್ರ ಮಾತಾಡಿದ್ರೆ ನಾನೇ ಸೋಲ್ತೀನಿ. ಅದಕ್ಕೆ ಮಾತೇ ಬಿಟ್ಟೆ." ಆ ತೀರ್ಪನ್ನು ಅವಳು ಹೊತ್ತುಕೊಂಡಿದ್ದಾಳೆ. ಕೇಸರಿಬಾತ್ ಮಾಡಿದ್ದನ್ನೂ ಹೊತ್ತುಕೊಂಡಿದ್ದಾಳೆಂದು ನಿನ್ನ ಮಾವ ಹೇಳಿದ. ರವೆ ಹುರಿಯುವ ವಾಸನೆ ಬಂದರೆ ಹೊರಗೆ ಹೋಗಿ ನಿಲ್ಲುತ್ತಾಳಂತೆ. ನಾನು ಅದನ್ನು ಕೇಳಿಯೂ ಸುಮ್ಮನಿದ್ದೆ. ಮೋಸದ ಚೀಟಿಯಿಂದ ನಡೆದ ಚರ್ಚೆಯಲ್ಲಿ ತೀರ್ಪು ಎಂಬುದೇ ಇರುವುದಿಲ್ಲ. ಅವಳು ಏನನ್ನೂ ತೀರ್ಮಾನಿಸಲಿಲ್ಲ. ತೀರ್ಮಾನವನ್ನು ನಾನು ಹಿಂದಿನ ದಿನವೇ ಎರಡು ಚೀಟಿಗಳ ಮೇಲೆ ಬರೆದಾಗಿತ್ತು.

ನೀನೂ ಏನನ್ನಾದರೂ ಹೊತ್ತುಕೊಂಡಿದ್ದರೆ, ನೀನು ಗಂಟೆ ಬಾರಿಸಿದ್ದು ಸರಿಯಾದ ನಿಮಿಷಕ್ಕೆ. ನಾನು ಗಡಿಯಾರ ನೋಡುತ್ತಿದ್ದೆ.

ಇನ್ನು ಹನುಮೇಶ. ಗದಗದಿಂದ ಬಂದು ವಿಜಯನಗರದ ಸ್ಟುಡಿಯೋದಲ್ಲಿ ದುಡಿಯುತ್ತಿದ್ದ ಆ ಹುಡುಗನ ಮೇಲೆ, ಅಜಾಗರೂಕತೆಯಿಂದ ನನ್ನ ಮಗಳನ್ನು ಆನೆಯ ಸಮೀಪಕ್ಕೆ ಕರೆದೊಯ್ದನೆಂದು ನಾಲ್ಕು ಪುಟದ ದೂರು ಬರೆದೆ. ಆ ದೂರಿನ ಭಾಷೆಯನ್ನು ಇನ್‌ಸ್ಪೆಕ್ಟರ್ ಹೊಗಳಿದರು. ಅದರಿಂದಾಗಿ ಸ್ಟುಡಿಯೋದವರು ಅವನನ್ನು ಕೆಲಸದಿಂದ ತೆಗೆದರು. ಈಗ ಕುರುಬರಹಳ್ಳಿಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಾನೆಂದು ಕೇಳಿದ್ದೇನೆ. ಅವಳು ಕೆಳಗಿಳಿದಾಗ ಅವನು ತೋಳು ಹಿಡಿದೆಳೆದಿದ್ದ. ಅವಳು ಬಿಡಿಸಿಕೊಂಡು ಹೋದಳು ಎಂದು ಮುನಿರಾಜು ಠಾಣೆಯಲ್ಲೂ ಹೇಳಿದ್ದಾನೆ, ನನಗೂ ಹೇಳಿದ್ದಾನೆ. ನಿನ್ನೆ ಬೆಳಿಗ್ಗೆ ನಾನು ಠಾಣೆಗೆ ಹೋಗಿ, ನನ್ನ ದೂರು ಸುಳ್ಳು ಎಂದು ಬರೆದುಕೊಟ್ಟು ಬಂದೆ. ಅದರ ಪ್ರತಿ ಈ ಲಕೋಟೆಯಲ್ಲಿದೆ. 'ತಪ್ಪು ತಿಳಿವಳಿಕೆಯಿಂದ' ಎಂದು ಬರೆಯಿರಿ, ನಿಮಗೂ ತೊಂದರೆಯಾಗುವುದಿಲ್ಲ ಎಂದು ಅಲ್ಲಿಯ ಬರಹಗಾರ ಸಲಹೆ ಕೊಟ್ಟ. ತಿಳಿವಳಿಕೆ ತಪ್ಪಾಗಿರಲಿಲ್ಲವಾದ್ದರಿಂದ ಹಾಗೆ ಬರೆಯಲಿಲ್ಲ.

ಇದನ್ನು ಓದಿದ ಮೇಲೆ ನೀನು ಈ ಮನೆಗೆ ಬರದಿರಬಹುದು. ಅಮ್ಮನೂ ಬರದಿರಬಹುದು. ಅದನ್ನು ಯೋಚಿಸಿಯೇ ಬರೆದಿದ್ದೇನೆ, ಹಾಗಾಗಬಾರದೆಂದು ನಿನ್ನನ್ನು ಒಪ್ಪಿಸುವ ಒಂದು ವಾಕ್ಯವನ್ನೂ ಇಲ್ಲಿ ಸೇರಿಸಿಲ್ಲ. ಸೇರಿಸಿದ್ದೆ, ಹೊಡೆದುಹಾಕಿದೆ. ಲೆನ್ಸಿಗೆ ಬೇಕಾದದ್ದನ್ನು ನಿನ್ನ ಹೆಸರಿಗೆ ಬ್ಯಾಂಕಿಗೆ ಹಾಕಿದ್ದೇನೆ. ನಾನೂರನ್ನೇ ತೆಗೆದುಕೊಳ್ಳಬೇಕೆಂದಿಲ್ಲ, ಅಂಗಡಿಯಲ್ಲಿ ಎರಡನ್ನೂ ಕೈಯಲ್ಲಿ ಹಿಡಿದು, ಹನುಮೇಶನನ್ನು ಕೇಳಿ, ನೀನೇ ಆರಿಸು. ಈ ಪತ್ರವನ್ನು ಅಮ್ಮನಿಗೆ ಗಟ್ಟಿಯಾಗಿ ಓದು. ನಡುವೆ ನಿಲ್ಲಿಸು ಎಂದರೂ ನಿಲ್ಲಿಸಬೇಡ.

ನಿನ್ನ ತಂದೆ,
ಜಗನ್ನಾಥ

ತಾ. ಕ.: ಲಕೋಟೆಗೆ ಅಂಟು ಹಚ್ಚಿದ ಮೇಲೆ ಒಡೆದಿದ್ದೇನೆ. ಮೇಲಿನ ಪುಟಗಳನ್ನೆಲ್ಲ ಈ ಕೆಳಗಿನದನ್ನು ಬರೆಯದೆ ತಪ್ಪಿಸಿಕೊಳ್ಳಲೆಂದೇ ಬರೆದೆ ಎಂದು ಈಗ ಕಾಣುತ್ತಿದೆ.

ಆ ಸಂಜೆ ಐದು ಐವತ್ತಕ್ಕೆ ಮನೆಯ ಫೋನಿಗೆ ಕರೆ ಬಂತು. ನೀನು ಟ್ಯೂಷನ್ನಿಗೆ ಹೋಗಿದ್ದೆ, ಅಮ್ಮ ದೇವಸ್ಥಾನಕ್ಕೆ. ಮಾಲವಿಕಾ ಏರಿಯ ಮೇಲಿಂದ ಮಾತಾಡಿದಳು. "ಅಪ್ಪಾ, ಆನೆ ತುಂಬಾ ದೂರ ಇದಾವೆ, ಇನ್ನೂರರಲ್ಲಿ ಏನೂ ಸಿಗ್ತಿಲ್ಲ. ಬೆಳಕೂ ಹೋಗ್ತಾ ಇದೆ. ವಾಪಸ್ ಬಂದ್ಬಿಡ್ತೀನಿ, ಅಮ್ಮಂಗೆ ಹೇಳಿ" ಎಂದಳು. ನನಗೆ ಏನೋ ಉಲ್ಲಾಸ. ನಕ್ಕು, "ಕಾಲಿದೆ, ನಡೀಬೇಕು ಅಂತ ವಾದಿಸಿ ಗೆದ್ದವರು ಯಾರಮ್ಮಾ? ಗೆದ್ದ ಮಾತನ್ನ ಉಳಿಸ್ಕೋಬೇಕು" ಎಂದೆ. ಅವಳು "ಸರಿ ಅಪ್ಪಾ" ಎಂದು ಇಟ್ಟಳು.

ಈ ಕರೆಯ ವಿಷಯವನ್ನು ನಾನು ಯಾರಿಗೂ ಹೇಳಿಲ್ಲ. ಅವಳ ಫೋನು ಕೆಸರಿನಲ್ಲಿ ಸಿಕ್ಕಿ ಕೆಟ್ಟುಹೋಗಿದ್ದರಿಂದ ಯಾರೂ ಕೇಳಲೂ ಇಲ್ಲ. ಆದರೆ ಅವಳು ಮಾತಾಡುವಾಗ ಹನುಮೇಶ ಪಕ್ಕದಲ್ಲೇ ನಿಂತಿದ್ದ. ಆಸ್ಪತ್ರೆಯ ಮೊಗಸಾಲೆಯಲ್ಲಿ ಎಲ್ಲರೆದುರು ನಾನು ಅವನ ಕಾಲರ್ ಹಿಡಿದದ್ದನ್ನು ನೀನು ನೋಡಿದ್ದೀಯೆ. ಆಗ ಅವನು ನನ್ನ ಕಿವಿಯ ಹತ್ತಿರ ಬಾಗಿ ಹೇಳಿದ್ದು ನಿನಗೆ ಕೇಳಿಸಿರಲಾರದು. "ಫೋನಿನ ಮಾತು ನಾ ಯಾರ ಮುಂದೂ ಹೇಳಂಗಿಲ್ರಿ ಸರ. ಅಮ್ಮಾರು ತಡಕೊಳ್ಳಂಗಿಲ್ಲ. ನೀವು ನನ್ನ ಹೊಡದುಬಿಡ್ರಿ" ಎಂದ.

ನಾನು ಹೊಡೆದೆ.